ಗೋಡೌನ್ ಅಲ್ಲೇ ಇದೆ, ಸ್ಟಾಕ್ ಬುಕ್ ಎಲ್ಲಿ? ಬ್ಯಾಕಪ್ ಸಾಫ್ಟ್‌ವೇರ್‌ನ ಡೇಟಾಬೇಸ್ ಕನೆಕ್ಷನ್ ಬದಲಿಸುವಾಗ ಗೊತ್ತಿರಬೇಕಾದ್ದು

ಜನವರಿ ತಿಂಗಳು, ಬೆಳಿಗ್ಗೆ ಏಳೂವರೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ, ಅಂದರೆ ತೋಟದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕಡೆಯಿಂದ, ಫೋನ್ ಬಂತು. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ. "ಅಣ್ಣಾ, ನಿನ್ನೆ ರಾತ್ರಿ ಬ್ಯಾಕಪ್ ಸಾಫ್ಟ್‌ವೇರ್‌ನ ಡೇಟಾಬೇಸನ್ನ ಹೊಸ ಸರ್ವರ್‌ಗೆ ಹಾಕಿದ್ವಿ. ಕನೆಕ್ಷನ್ನೂ ಬದಲಾಯಿಸಿದೆ, ಟೆಸ್ಟ್ ಕೊಟ್ಟಾಗ ಸರಿ ಅಂತಾನೇ ಬಂತು. ಈಗ ನೋಡಿದ್ರೆ ಸರ್ವಿಸ್ ಸ್ಟಾರ್ಟೇ ಆಗ್ತಿಲ್ಲ. ರಾತ್ರಿ ಒಂದು ಜಾಬೂ ಓಡಿಲ್ಲ."

ಸೀಸನ್ ಟೈಮು. ಅರೇಬಿಕಾ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜ) ಬರುತ್ತಾ ಇದೆ, ಹಿಂದೆಯೇ ರೋಬಸ್ಟಾ ಶುರುವಾಗುತ್ತದೆ. ಯಾವ ತೋಟದ ಎಷ್ಟು ಮೂಟೆ ಬಂತು, ಔಟ್‌ಟರ್ನ್ (ಸಿಪ್ಪೆ ಹೋಗಿ ಸಿಕ್ಕ ಬೀಜ) ಎಷ್ಟು ಬಿತ್ತು, ಎಲ್ಲಾ ಅದೇ ಸರ್ವರ್‌ಗಳಲ್ಲಿ ಇರುತ್ತದೆ. ನಾನು ಹಾಸನದವನು. ಬೇಲೂರು ದಾಟಿ ಹೋದರೆ ಸುಮಾರು 60 ಕಿಲೋಮೀಟರ್. ಬೈಕ್ ಹತ್ತುವ ಮುಂಚೆ ಅವನಿಗೆ ಒಂದೇ ಮಾತು ಹೇಳಿದೆ: "ಹಳೇ ಡೇಟಾಬೇಸ್ ಅಳಿಸಬೇಡ. ಬೇರೆ ಏನನ್ನೂ ಮುಟ್ಟಬೇಡ. ನಾನು ಬರ್ತೀನಿ."

ಆವತ್ತು ಅಲ್ಲಿ ಏನಾಗಿತ್ತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ಬ್ಯಾಕಪ್ ಸಾಫ್ಟ್‌ವೇರ್‌ಗೆ ಡೇಟಾಬೇಸ್ ಯಾಕೆ ಬೇಕು ಅನ್ನೋದು ಗೊತ್ತಾಗಬೇಕು. ಅದು ಗೊತ್ತಾಗದೆ ಕನೆಕ್ಷನ್ ಸೆಟ್ಟಿಂಗ್‌ಗೆ ಕೈ ಹಾಕಿದರೆ, ಸ್ಕ್ರೀನಿನ ಮೇಲಿರುವ ಡಬ್ಬಗಳನ್ನು ಸುಮ್ನೆ ತುಂಬುತ್ತಾ ಹೋಗುತ್ತೇವೆ.

ತುಂಬಾ ಜನ ಬ್ಯಾಕಪ್ ಅಂದರೆ ಒಂದು ದೊಡ್ಡ ಡಿಸ್ಕಿನಲ್ಲಿ ಬಿದ್ದಿರುವ ದೊಡ್ಡ ದೊಡ್ಡ ಫೈಲ್‌ಗಳು ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಕ್ಯೂರಿಂಗ್ ವರ್ಕ್ಸ್ ಗೋಡೌನ್ ನೋಡಿದ್ದೀರಾ? ಸೂರಿನ ತನಕ ಮೂಟೆ ಜೋಡಿಸಿರುತ್ತಾರೆ, ಎಲ್ಲವೂ ಒಂದೇ ಥರ ಸೆಣಬಿನ ಚೀಲ. ಯಾವುದು ಮೂಡಿಗೆರೆ ಕಡೆಯ ತೋಟದ್ದು, ಯಾವುದು ಸಕಲೇಶಪುರದ್ದು, ಯಾವುದು ಮೊನ್ನೆ ಬಂದದ್ದು, ಯಾವುದನ್ನು ನಾಳೆ ಕಳಿಸಬೇಕು ಅನ್ನೋದು ಚೀಲ ನೋಡಿದರೆ ಪೂರ್ತಿ ಗೊತ್ತಾಗುವುದಿಲ್ಲ. ಗುಮಾಸ್ತರ ಮೇಜಿನ ಮೇಲಿರುವ ಸ್ಟಾಕ್ ಬುಕ್‌ನಲ್ಲಿ ಗೊತ್ತಾಗುತ್ತದೆ. ಬ್ಯಾಕಪ್ ಫೈಲ್‌ಗಳು ಮೂಟೆಗಳು. ಡೇಟಾಬೇಸ್ ಆ ಸ್ಟಾಕ್ ಬುಕ್ಕು.

ಯಾವ ಜಾಬ್ (ಬ್ಯಾಕಪ್ ತೆಗೆಯುವ ಕೆಲಸ) ಎಷ್ಟು ಹೊತ್ತಿಗೆ ಓಡಬೇಕು, ಯಾವ ಸರ್ವರ್‌ಗೆ ಯಾವ ಪಾಸ್‌ವರ್ಡ್ ಹಾಕಿ ಹೋಗಬೇಕು, ನಿನ್ನೆಯ ರಿಸ್ಟೋರ್ ಪಾಯಿಂಟ್ (ವಾಪಸ್ ತರಬಹುದಾದ ಆ ದಿನದ ಪ್ರತಿ) ಯಾವ ಫೈಲ್‌ನಲ್ಲಿದೆ, ಟೇಪ್ ಇದ್ದರೆ ಯಾವ ಟೇಪ್‌ನಲ್ಲಿದೆ, ಯಾವುದನ್ನು ಯಾವಾಗ ಅಳಿಸಬೇಕು, ಇದೆಲ್ಲ ಆ ಡೇಟಾಬೇಸ್‌ನಲ್ಲಿ ಇರುತ್ತದೆ. ವೀಮ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಕಾನ್ಫಿಗರೇಷನ್ ಡೇಟಾಬೇಸ್ ಅನ್ನುತ್ತಾರೆ, ಮಾಮೂಲಿ ಹೆಸರು ವೀಮ್‌ಬ್ಯಾಕಪ್. ಕಾಮ್‌ವಾಲ್ಟ್ ಅನ್ನುವ ಇನ್ನೊಂದರಲ್ಲಿ ಕಾಮ್‌ಸರ್ವ್ ಡೇಟಾಬೇಸ್. ಹೆಸರು ಬೇರೆ, ಕೆಲಸ ಒಂದೇ. ಬುಕ್ ಸಿಗದೇ ಹೋದರೆ ಮೂಟೆಗಳೇನೂ ಹಾಳಾಗುವುದಿಲ್ಲ, ಆದರೆ ಗೋಡೌನ್ ಕೆಲಸ ನಿಲ್ಲುತ್ತದೆ.

ಹಾಗಾದರೆ ಕನೆಕ್ಷನ್ ಸೆಟ್ಟಿಂಗ್ ಅಂದರೆ? ಬುಕ್ ಎಲ್ಲಿದೆ, ಅದನ್ನು ತೆಗೆಯಲು ಯಾರು ಹೋಗುತ್ತಾರೆ, ಅವರ ಕೈಯಲ್ಲಿ ಯಾವ ಕೀಲಿ ಇದೆ ಅನ್ನುವ ಚೀಟಿ. ಅಷ್ಟೇ. ಆ ಚೀಟಿ ಡೇಟಾಬೇಸ್‌ನೊಳಗೆ ಇರುವುದಿಲ್ಲ, ಇರೋಕೂ ಆಗುವುದಿಲ್ಲ ಅಲ್ವಾ, ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟಂತಾಗುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಬ್ಯಾಕಪ್ ಸರ್ವರ್‌ನ ರಿಜಿಸ್ಟ್ರಿಯಲ್ಲೋ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಒಂದು ಕಾನ್ಫಿಗ್ ಫೈಲ್‌ನಲ್ಲೋ ಬರೆದಿರುತ್ತದೆ.

ಈ ಚೀಟಿ ಬದಲಿಸುವ ಸಂದರ್ಭ ಆಗಾಗ ಬರುತ್ತದೆ. ಈ ಬುಕ್ ಇರುವುದು ಹೆಚ್ಚಾಗಿ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ. ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಅದರ ಹಳೇ ಆವೃತ್ತಿ ಬಿಡಬೇಕಾಗುತ್ತದೆ. 2012ರ ಆವೃತ್ತಿಗೆ 2022ರ ಜುಲೈನಲ್ಲಿ, 2014ರ ಆವೃತ್ತಿಗೆ 2024ರ ಜುಲೈನಲ್ಲಿ ಬೆಂಬಲ ಮುಗಿಯಿತು. ಪಾಸ್‌ವರ್ಡ್ ಬದಲಾಗುತ್ತದೆ, ಸರ್ವರ್ ಹೆಸರು ಬದಲಾಗುತ್ತದೆ. ಇನ್ನೊಂದು, ನಮ್ಮ ಕಡೆ ಸಣ್ಣ ಕಂಪನಿಗಳಲ್ಲಿ ನಾನು ಜಾಸ್ತಿ ನೋಡಿರೋದು: ಸಾಫ್ಟ್‌ವೇರ್ ಜೊತೆಗೇ ಬಂದ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ (ಅದರ ಪುಕ್ಕಟೆ ಆವೃತ್ತಿ) ತುಂಬಿಹೋಗುವುದು. 2008 ಆರ್‌2ರಿಂದ 2022ರ ಆವೃತ್ತಿಯವರೆಗೆ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಶುರುವಿನಲ್ಲಿ ಅದು ಬೇಕಾದಷ್ಟು ಅನ್ನಿಸುತ್ತದೆ. ನಾಲ್ಕೈದು ವರ್ಷದ ಹಳೇ ಜಾಬ್‌ಗಳ ಚರಿತ್ರೆ ಸೇರಿಕೊಂಡು ಒಂದು ದಿನ ಬಾಗಿಲು ಮುಚ್ಚುತ್ತದೆ. ಚಿಕ್ಕಮಗಳೂರಿನಲ್ಲೂ ಡೇಟಾಬೇಸ್ ಬೇರೆ ಕಡೆ ಹಾಕಿದ್ದು ಇದೇ ಕಾರಣಕ್ಕೆ. ಆ ತೀರ್ಮಾನ ಸರಿಯಾಗಿಯೇ ಇತ್ತು.

ಈಗ ಚೀಟಿಯಲ್ಲಿ ಏನೇನಿದೆ ನೋಡೋಣ.

ಮೊದಲನೆಯದು ಸರ್ವರ್ ಹೆಸರು. ಐಪಿ (ಯಂತ್ರದ ನೆಟ್‌ವರ್ಕ್ ನಂಬರು) ಬದಲು ಹೆಸರು ಹಾಕಿ ಅನ್ನೋದು ನನ್ನ ಸಲಹೆ, ಅದರಲ್ಲೂ ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿರುವ ಪೂರ್ತಿ ಹೆಸರು. ನಾಳೆ ಐಪಿ ಬದಲಾದರೆ ಮತ್ತೆ ಇದೇ ಕೆಲಸ ಮಾಡಬೇಕಾಗುವುದಿಲ್ಲ.

ಎರಡನೆಯದು ಇನ್‌ಸ್ಟೆನ್ಸ್ ಮತ್ತು ಪೋರ್ಟ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಂದೇ ಯಂತ್ರದ ಮೇಲೆ ಹಲವು ಇನ್‌ಸ್ಟೆನ್ಸ್ ಇರಬಹುದು, ಒಂದೇ ಕಟ್ಟಡದಲ್ಲಿ ಹಲವು ಆಫೀಸ್ ಇದ್ದ ಹಾಗೆ. ಪೋರ್ಟ್ ಅಂದರೆ ಆ ಆಫೀಸಿನ ಬಾಗಿಲ ನಂಬರು. ಹೆಸರಿಲ್ಲದ ಮಾಮೂಲಿ ಇನ್‌ಸ್ಟೆನ್ಸ್ 1433ನೇ ಪೋರ್ಟ್‌ನಲ್ಲಿ ಕೂತಿರುತ್ತದೆ. ಹೆಸರಿಟ್ಟ ಇನ್‌ಸ್ಟೆನ್ಸ್ ಹಾಗಲ್ಲ, ನೀವು ಹೇಳದಿದ್ದರೆ ಅದು ತಾನೇ ಒಂದು ಪೋರ್ಟ್ ಆರಿಸಿಕೊಳ್ಳುತ್ತದೆ, ಮುಂದೆ ಎಂದಾದರೂ ಸರ್ವಿಸ್ ರೀಸ್ಟಾರ್ಟ್ ಆದಾಗ ಅದು ಬದಲಾಗಲೂಬಹುದು. ಆಗ ಅದನ್ನು ಹುಡುಕಿಕೊಡುವುದು ಎಸ್‌ಕ್ಯೂಎಲ್ ಬ್ರೌಸರ್ ಅನ್ನುವ ಸರ್ವಿಸ್. ಕಟ್ಟಡದ ಬಾಗಿಲಲ್ಲಿ ಕೂತು ಯಾವ ಆಫೀಸ್ ಯಾವ ಮಹಡಿ ಅಂತ ಹೇಳುವ ವಾಚ್‌ಮನ್ ಇದ್ದ ಹಾಗೆ. ಅವನು ಇರೋದು ಯುಡಿಪಿ 1434ರಲ್ಲಿ. (ಟಿಸಿಪಿ, ಯುಡಿಪಿ ಅಂದರೆ ನೆಟ್‌ವರ್ಕ್‌ನಲ್ಲಿ ಮಾತಾಡುವ ಎರಡು ಬಗೆ.) ಹಳೇ ಸೆಟಪ್‌ನಲ್ಲಿ ಎಲ್ಲಾ ಒಂದೇ ಯಂತ್ರದಲ್ಲಿದ್ದಾಗ ಫೈರ್‌ವಾಲ್ ಮಾತೇ ಬರುವುದಿಲ್ಲ. ಡೇಟಾಬೇಸ್ ಬೇರೆ ಯಂತ್ರಕ್ಕೆ ಹೋದ ದಿನ ಟಿಸಿಪಿ ಪೋರ್ಟೂ ತೆರೆದಿರಬೇಕು, ಈ ಯುಡಿಪಿಯೂ ತೆರೆದಿರಬೇಕು. ಎರಡರಲ್ಲಿ ಒಂದು ಮರೆತರೂ "ಸರ್ವರ್ ಅಥವಾ ಇನ್‌ಸ್ಟೆನ್ಸ್ ಸಿಗುತ್ತಿಲ್ಲ" ಅನ್ನುವ ಅರ್ಥದ ಎರರ್ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಇನ್‌ಸ್ಟೆನ್ಸ್‌ಗೆ ಒಂದು ಖಾಯಂ ಪೋರ್ಟ್ ಕೊಟ್ಟು ಅದನ್ನೇ ನೇರವಾಗಿ ಬರೆಯಿರಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೆಸರಿಗೂ ಪೋರ್ಟ್‌ಗೂ ಮಧ್ಯೆ ಬರುವುದು ಅಲ್ಪವಿರಾಮ, ಕೋಲನ್ ಅಲ್ಲ. ಈ ಒಂದು ಚುಕ್ಕೆಯಿಂದ ಅರ್ಧ ದಿನ ಕಳೆದವರನ್ನು ಕಂಡಿದ್ದೇನೆ.

ಮೂರನೆಯದು ಡೇಟಾಬೇಸ್ ಹೆಸರು. ಇದು ಸುಲಭ. ಆದರೆ ಒಂದು ಎಚ್ಚರಿಕೆ: ಕೆಲವು ಟೂಲ್‌ಗಳಲ್ಲಿ ಇಲ್ಲದ ಹೆಸರು ಕೊಟ್ಟರೆ "ಹೊಸದು ಮಾಡಲಾ?" ಅಂತ ಕೇಳುತ್ತವೆ. ಒಂದು ಅಕ್ಷರ ತಪ್ಪಿಸಿ, ಕೇಳಿದ್ದಕ್ಕೆ ಹೂಂ ಅಂದರೆ, ಕನೆಕ್ಷನ್ ಸರಿಯಾಗಿಯೇ ಆಗುತ್ತದೆ, ಒಳಗೆ ಮಾತ್ರ ಖಾಲಿ ಬುಕ್ ಇರುತ್ತದೆ. ಕನ್ಸೋಲ್‌ನಲ್ಲಿ ಒಂದು ಜಾಬೂ ಕಾಣದಿದ್ದರೆ ಗಾಬರಿಯಾಗುವ ಮುಂಚೆ ಹೆಸರು ಓದಿ ನೋಡಿ.

ನಾಲ್ಕನೆಯದು, ಯಾರು ಹೋಗುತ್ತಾರೆ ಅನ್ನೋದು. ಚಿಕ್ಕಮಗಳೂರಿನಲ್ಲಿ ಎಡವಿದ್ದು ಇಲ್ಲೇ, ಹೆಚ್ಚಿನ ಕಡೆ ಎಡವುವುದೂ ಇಲ್ಲೇ.

ಎರಡು ದಾರಿ ಇವೆ. ಒಂದು, ಎಸ್‌ಕ್ಯೂಎಲ್ ಲಾಗಿನ್: ಡೇಟಾಬೇಸ್ ಸರ್ವರ್‌ನಲ್ಲೇ ಮಾಡಿದ ಹೆಸರು, ಪಾಸ್‌ವರ್ಡ್. ಇನ್ನೊಂದು, ವಿಂಡೋಸ್ ಲಾಗಿನ್: ಪಾಸ್‌ವರ್ಡ್ ಎಲ್ಲೂ ಬರೆಯೋದು ಬೇಡ, ಯಾರು ಓಡಿಸುತ್ತಿದ್ದಾರೋ ಅವರ ಗುರುತೇ ಕೀಲಿ. ಎರಡನೆಯದು ಒಳ್ಳೆಯ ದಾರಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ "ಯಾರು ಓಡಿಸುತ್ತಿದ್ದಾರೆ" ಅನ್ನುವುದರಲ್ಲೇ ಗಂಟಿದೆ. ನೀವು ಸೆಟ್ಟಿಂಗ್ ಬದಲಿಸುವ ಟೂಲ್ ತೆರೆದಾಗ ಓಡಿಸುತ್ತಿರೋದು ನೀವು. ಟೆಸ್ಟ್ ಒತ್ತಿದರೆ ಬಾಗಿಲು ತಟ್ಟುವುದು ನಿಮ್ಮ ಹೆಸರು, ನೀವು ಅಡ್ಮಿನ್, ಬಾಗಿಲು ತೆರೆಯುತ್ತದೆ. ರಾತ್ರಿ ಜಾಬ್ ಓಡಿಸೋದು ನೀವಲ್ಲ, ಸರ್ವಿಸ್, ಅಂದರೆ ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ. ಅದಕ್ಕೆ ಬೇರೆಯೇ ಅಕೌಂಟ್ ಇರುತ್ತದೆ, ತುಂಬಾ ಕಡೆ ಅದು ವಿಂಡೋಸ್‌ನ ಒಳಗೇ ಇರುವ ಲೋಕಲ್ ಸಿಸ್ಟಮ್ ಅನ್ನುವ ಅಕೌಂಟ್.

ಲೋಕಲ್ ಸಿಸ್ಟಮ್ ತನ್ನ ಯಂತ್ರದೊಳಗೆ ಮನೆಯವನು. ಡೇಟಾಬೇಸ್ ಅದೇ ಯಂತ್ರದಲ್ಲಿದ್ದಾಗ ಇನ್‌ಸ್ಟಾಲ್ ಮಾಡುವಾಗಲೇ ಅವನಿಗೆ ಬೇಕಾದ ಹಕ್ಕು ಸಿಕ್ಕಿರುತ್ತದೆ, ಯಾರೂ ಯೋಚನೆ ಮಾಡಬೇಕಾಗಿಯೇ ಬಂದಿರುವುದಿಲ್ಲ. ನೆಟ್‌ವರ್ಕ್ ದಾಟಿ ಇನ್ನೊಂದು ಯಂತ್ರಕ್ಕೆ ಹೋದಾಗ ಅವನು ಆ ಹೆಸರಿನಲ್ಲಿ ಹೋಗುವುದಿಲ್ಲ. ತನ್ನ ಯಂತ್ರದ ಹೆಸರಿನಲ್ಲಿ ಹೋಗುತ್ತಾನೆ, ಹೆಸರಿನ ಕೊನೆಗೆ ಒಂದು ಡಾಲರ್ ಗುರುತು ಇರುತ್ತದೆ. ಡೊಮೈನ್‌ನಲ್ಲಿ (ಕಂಪನಿಯ ಎಲ್ಲಾ ಕಂಪ್ಯೂಟರ್, ಯೂಸರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಪ್ರತಿ ಕಂಪ್ಯೂಟರ್‌ಗೂ ಇರುವ ಅಕೌಂಟ್ ಅದು.

ಹತ್ತು ಗಂಟೆಗೆ ನಾನು ಅಲ್ಲಿ ತಲುಪಿದಾಗ ಹುಡುಗ ಬ್ಯಾಕಪ್ ಸರ್ವರ್ ಮುಂದೆಯೇ ಕೂತಿದ್ದ. ಹೊರಗೆ ಪಲ್ಪಿಂಗ್ ಆಗಿ ಒಣಗಿ ಬಂದ ಪಾರ್ಚ್‌ಮೆಂಟ್ ಲಾರಿಯಿಂದ ಇಳಿಸುತ್ತಿದ್ದರು, ಆ ಧೂಳಿನ ವಾಸನೆ ಒಳಗಿನವರೆಗೂ ಬರುತ್ತಿತ್ತು. "ಇಲ್ಲಿ ಬೇಡ, ಎಸ್‌ಕ್ಯೂಎಲ್ ಸರ್ವರ್‌ನ ಎರರ್ ಲಾಗ್ ತೆಗಿ" ಅಂದೆ. ತೆಗೆದ. ಹಿಂದಿನ ರಾತ್ರಿಯಿಂದ ನಿಮಿಷಕ್ಕೊಂದರಂತೆ ಒಂದೇ ಸಾಲು: 18456, ಲಾಗಿನ್ ಫೇಲ್, ಬ್ಯಾಕಪ್ ಸರ್ವರ್‌ನ ಹೆಸರು, ಕೊನೆಯಲ್ಲಿ ಡಾಲರ್ ಗುರುತು. "ಇದು ಯಾರು ಅಣ್ಣಾ?" ಅಂತ ಕೇಳಿದ. ಅದೇ ಅವನ ಸರ್ವಿಸ್ ಅಂತ ಹೇಳಿದೆ. ರಾತ್ರಿಯೆಲ್ಲ ಅದು ಬಾಗಿಲು ತಟ್ಟುತ್ತಲೇ ಇತ್ತು, ಒಳಗೆ ಅದರ ಹೆಸರು ಯಾರೂ ಬರೆದಿರಲಿಲ್ಲ.

ಹೊಸ ಸರ್ವರ್‌ನಲ್ಲಿ ಆ ಕಂಪ್ಯೂಟರ್ ಅಕೌಂಟ್‌ಗೆ ಲಾಗಿನ್ ಮಾಡಿ, ಆ ಡೇಟಾಬೇಸ್‌ನ ಓನರ್ ಪಾತ್ರ ಕೊಟ್ಟೆವು. ಎರಡು ನಿಮಿಷದ ಕೆಲಸ. ಇದಕ್ಕಿಂತ ಅಚ್ಚುಕಟ್ಟಾದ ದಾರಿಯೂ ಇದೆ, ಸರ್ವಿಸ್‌ಗೇ ಅಂತ ಒಂದು ಡೊಮೈನ್ ಅಕೌಂಟ್ ಮಾಡಿ ಅದರಲ್ಲಿ ಓಡಿಸುವುದು. ಸೀಸನ್ ಮುಗಿದ ಮೇಲೆ ಹಾಗೆ ಮಾಡೋಣ ಅಂತ ಬರೆದಿಟ್ಟುಕೊಂಡೆವು. ಡೊಮೈನ್ ಇಲ್ಲದ, ಬರೀ ವರ್ಕ್‌ಗ್ರೂಪ್‌ನಲ್ಲಿರುವ ಕಡೆ ಕಂಪ್ಯೂಟರ್ ಅಕೌಂಟ್ ದಾರಿ ನಡೆಯುವುದಿಲ್ಲ, ಅಲ್ಲಿ ಎಸ್‌ಕ್ಯೂಎಲ್ ಲಾಗಿನ್ ಬಳಸುವುದೇ ಸರಿ.

18456 ಬಗ್ಗೆ ಇನ್ನೊಂದು ಮಾತು. ಹೊರಗೆ ನಿಂತವರಿಗೆ ಎಸ್‌ಕ್ಯೂಎಲ್ ಸರ್ವರ್ ಬೇಕಂತಲೇ ಪೂರ್ತಿ ಕಾರಣ ಹೇಳುವುದಿಲ್ಲ, ಕಳ್ಳನಿಗೆ ಸುಳಿವು ಸಿಗಬಾರದು ಅಂತ. ಸ್ಕ್ರೀನ್ ಮೇಲೆ ಸ್ಟೇಟ್ 1 ಅಂತ ಮಾತ್ರ ಬರುತ್ತದೆ. ನಿಜವಾದ ಸ್ಟೇಟ್ ನಂಬರ್ ಸರ್ವರ್‌ನ ಲಾಗ್‌ನಲ್ಲಿರುತ್ತದೆ. 5 ಅಂದರೆ ಆ ಹೆಸರೇ ಇಲ್ಲ. 8 ಅಂದರೆ ಪಾಸ್‌ವರ್ಡ್ ತಪ್ಪು. 38 ಅಂದರೆ ಕೇಳಿದ ಡೇಟಾಬೇಸ್ ಇಲ್ಲ ಅಥವಾ ತೆರೆಯೋಕಾಗಲ್ಲ. ಈ ಮೂರು ನೆನಪಿದ್ದರೆ ಸಾಕು, ಊಹೆ ಮಾಡುತ್ತಾ ಕೂರಬೇಕಾಗಿಲ್ಲ.

ಎಸ್‌ಕ್ಯೂಎಲ್ ಲಾಗಿನ್ ಬಳಸುವವರಿಗೂ ಒಂದು ಗುಂಡಿ ಇದೆ. ಡೇಟಾಬೇಸ್ ಬ್ಯಾಕಪ್ ತೆಗೆದು ಹೊಸ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿದಾಗ, ಡೇಟಾಬೇಸ್ ಒಳಗಿನ ಯೂಸರ್ ಜೊತೆಗೆ ಬರುತ್ತಾನೆ. ಸರ್ವರ್ ಮಟ್ಟದ ಲಾಗಿನ್ ಬರುವುದಿಲ್ಲ. ಸರಿ ಅಂತ ನೀವು ಅದೇ ಹೆಸರಿನ ಲಾಗಿನ್ ಹೊಸದಾಗಿ ಮಾಡುತ್ತೀರಿ. ಆದರೆ ಎಸ್‌ಕ್ಯೂಎಲ್ ಸರ್ವರ್ ಹೆಸರು ನೋಡಿ ಹೊಂದಿಸುವುದಿಲ್ಲ, ಒಳಗಿರುವ ಒಂದು ಗುರುತಿನ ಸಂಖ್ಯೆ ನೋಡುತ್ತದೆ. ಒಂದೇ ಹೆಸರು, ಬೇರೆ ಸಂಖ್ಯೆ. ಹಾಗಾಗಿ ಆ ಯೂಸರ್ ಅನಾಥನಾಗಿ ಉಳಿಯುತ್ತಾನೆ. ಆಲ್ಟರ್ ಯೂಸರ್ ಕಮಾಂಡ್‌ನಿಂದ ಆ ಯೂಸರನ್ನು ಹೊಸ ಲಾಗಿನ್‌ಗೆ ಜೋಡಿಸಬೇಕು. ಇನ್ನೊಂದು, ಹೊಸ ಆವೃತ್ತಿಯ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ತೆಗೆದ ಬ್ಯಾಕಪ್ ಹಳೇ ಆವೃತ್ತಿಯಲ್ಲಿ ರಿಸ್ಟೋರ್ ಆಗುವುದಿಲ್ಲ. ಮೇಲಕ್ಕೆ ಮಾತ್ರ ದಾರಿ.

ಐದನೆಯದು ಎನ್‌ಕ್ರಿಪ್ಷನ್, ಅಂದರೆ ಎರಡು ಯಂತ್ರಗಳ ಮಧ್ಯದ ಮಾತನ್ನು ಬೇರೆಯವರಿಗೆ ಓದಲು ಆಗದಂತೆ ಮಾಡುವುದು. ಮೊದಲೆಲ್ಲ ಇದನ್ನು ಯಾರೂ ಕೇಳುತ್ತಿರಲಿಲ್ಲ. ಸಾಫ್ಟ್‌ವೇರನ್ನು ಡೇಟಾಬೇಸ್‌ಗೆ ಜೋಡಿಸುವ ಮೈಕ್ರೋಸಾಫ್ಟ್‌ನ ಒಡಿಬಿಸಿ ಡ್ರೈವರ್‌ನಲ್ಲಿ, 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಇದು ತಾನಾಗಿಯೇ ಆನ್ ಇರುತ್ತದೆ. ಹಾಗಾಗಿ ಡ್ರೈವರ್ ಮಾತ್ರ ಹೊಸದಾಗಿ, ಬೇರೆ ಏನೂ ಬದಲಿಸದೇ ಇದ್ದರೂ, ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಪತ್ರ) ಕೊಟ್ಟವರನ್ನು ನಂಬಲಾಗದು ಅನ್ನುವ ಎರರ್ ಬರಬಹುದು. ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್ ಅನ್ನುವ ಆಯ್ಕೆ ಹಾಕಿದರೆ ಕೆಲಸ ನಡೆಯುತ್ತದೆ, ಮಾತು ಗುಟ್ಟಾಗಿಯೇ ಹೋಗುತ್ತದೆ, ಆದರೆ ಎದುರಿಗಿರುವವನು ನಿಜವಾಗಿ ನಿಮ್ಮ ಸರ್ವರೇನಾ ಅಂತ ನೋಡುವುದಿಲ್ಲ. ಆ ದಿನದ ಮಟ್ಟಿಗೆ ಹಾಕಿಕೊಳ್ಳಿ, ಆಮೇಲೆ ಸರಿಯಾದ ಸರ್ಟಿಫಿಕೇಟ್ ತನ್ನಿ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ 2023ರಲ್ಲಿ ಬಂದ ವೀಮ್ 12ರಿಂದ ಅದನ್ನೂ ಬಳಸಬಹುದು, 10 ಜಿಬಿ ಮಿತಿಯ ಕಾಟವಿಲ್ಲ, ದುಡ್ಡೂ ಬೇಡ. ಅದರ ಪೋರ್ಟ್ 5432. ಹಾಕಿದ ತಕ್ಷಣ ಅದು ತನ್ನ ಯಂತ್ರದೊಳಗಿನವರ ಮಾತು ಮಾತ್ರ ಕೇಳುತ್ತದೆ. ಹೊರಗಿನವರಿಗೆ ತೆರೆಯಲು ಎರಡು ಕಡೆ ಬದಲಿಸಬೇಕು: ಲಿಸನ್ ಅಡ್ರೆಸಸ್ ಅನ್ನುವ ಸೆಟ್ಟಿಂಗ್, ಮತ್ತೆ ಯಾರು ಎಲ್ಲಿಂದ ಬರಬಹುದು ಅಂತ ಸಾಲು ಸಾಲಾಗಿ ಬರೆಯುವ ಎಚ್‌ಬಿಎ ಫೈಲ್. ಮೊದಲನೆಯದಕ್ಕೆ ಸರ್ವಿಸ್ ರೀಸ್ಟಾರ್ಟ್ ಬೇಕು, ಎರಡನೆಯದಕ್ಕೆ ರೀಲೋಡ್ ಸಾಕು. ಒಂದು ವಿಷಯ ಚೆನ್ನಾಗಿ ಗಮನಿಸಿ. ಎಸ್‌ಕ್ಯೂಎಲ್ ಸರ್ವರ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವುದು ಬರೀ ಚೀಟಿ ಬದಲಿಸಿದರೆ ಆಗುವ ಕೆಲಸ ಅಲ್ಲ. ಬುಕ್‌ನ ಭಾಷೆಯೇ ಬೇರೆ. ಅದಕ್ಕೆ ಕಾನ್ಫಿಗರೇಷನ್ ಬ್ಯಾಕಪ್, ಅಂದರೆ ಬ್ಯಾಕಪ್ ಸಾಫ್ಟ್‌ವೇರೇ ತನ್ನ ಬುಕ್‌ನ ಪ್ರತಿ ತೆಗೆಯುವುದು, ತೆಗೆದು ಹೊಸ ಕಡೆ ರಿಸ್ಟೋರ್ ಮಾಡಬೇಕು.

ಕಾನ್ಫಿಗರೇಷನ್ ಬ್ಯಾಕಪ್ ಅಂದೆ ಅಲ್ವಾ, ಅದನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಎಸ್‌ಕ್ಯೂಎಲ್‌ನಿಂದ ತೆಗೆದ ಡೇಟಾಬೇಸ್ ಬ್ಯಾಕಪ್ ಇದೆಯಲ್ಲ, ಅದು ಸಾಲದಾ ಅಂತ ಕೇಳುತ್ತಾರೆ. ಡೇಟಾಬೇಸ್ ಮಾತ್ರ ಬೇರೆ ಕಡೆ ಹೋಗಿ ಬ್ಯಾಕಪ್ ಸರ್ವರ್ ಹಾಗೇ ಉಳಿದರೆ ನಡೆದೀತು. ಬ್ಯಾಕಪ್ ಸರ್ವರ್ ಯಂತ್ರವೇ ಬದಲಾದರೆ ಸಾಲದು. ವಿಂಡೋಸ್‌ನಲ್ಲಿ ಓಡುವ ಇಂಥ ಸಾಫ್ಟ್‌ವೇರ್‌ಗಳು ಒಳಗಿನ ಪಾಸ್‌ವರ್ಡ್‌ಗಳನ್ನು ಹೆಚ್ಚಾಗಿ ಆ ಯಂತ್ರದ್ದೇ ಕೀಲಿಯಿಂದ ಮುಚ್ಚಿಡುತ್ತವೆ. ಬೇರೆ ಯಂತ್ರದಲ್ಲಿ ಬುಕ್ ತೆರೆದರೆ ಎಲ್ಲಾ ಕಾಣುತ್ತದೆ, ಪಾಸ್‌ವರ್ಡ್‌ಗಳು ಮಾತ್ರ ಓದೋಕಾಗಲ್ಲ. ಎನ್‌ಕ್ರಿಪ್ಟ್ ಮಾಡಿ ತೆಗೆದ ಕಾನ್ಫಿಗರೇಷನ್ ಬ್ಯಾಕಪ್‌ನಲ್ಲಿ ಅವೂ ಜೊತೆಗೆ ಬರುತ್ತವೆ. ಆ ಎನ್‌ಕ್ರಿಪ್ಷನ್ ಪಾಸ್‌ವರ್ಡನ್ನು ದಯವಿಟ್ಟು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಫೈಲನ್ನು ಅದೇ ಸರ್ವರ್‌ನಲ್ಲಿ ಇಡಬೇಡಿ.

ಆಮೇಲೆ ಜಾಬ್‌ಗಳನ್ನು ಡಿಸೇಬಲ್ ಮಾಡಿ. ಓಡುತ್ತಿರುವುದು ಮುಗಿಯಲಿ, ಮಧ್ಯದಲ್ಲಿ ಕತ್ತರಿಸಬೇಡಿ. ಕನ್ಸೋಲ್ ಮುಚ್ಚಿ ಸರ್ವಿಸ್ ನಿಲ್ಲಿಸಿ, ಆಮೇಲೆ ಡೇಟಾಬೇಸ್ ಬ್ಯಾಕಪ್ ತೆಗೆಯಿರಿ. ಸರ್ವಿಸ್ ಓಡುತ್ತಿರುವಾಗಲೇ ತೆಗೆದರೆ, ಆ ಬ್ಯಾಕಪ್‌ಗೂ ನೀವು ಹೊಸ ಕಡೆ ಶುರು ಮಾಡುವ ಹೊತ್ತಿಗೂ ಮಧ್ಯೆ ಬರೆದದ್ದು ಹಳೇ ಬುಕ್‌ನಲ್ಲೇ ಉಳಿದುಹೋಗುತ್ತದೆ.

ಚೀಟಿ ಬದಲಿಸಲು ಕಂಪನಿಯವರೇ ಕೊಟ್ಟ ಟೂಲ್ ಬಳಸಿ. ವೀಮ್‌ನಲ್ಲಿ ಅದು ಕಾನ್ಫಿಗರೇಷನ್ ಡೇಟಾಬೇಸ್ ಕನೆಕ್ಷನ್ ಸೆಟ್ಟಿಂಗ್ಸ್ ಅನ್ನುವ ಹೆಸರಿನಲ್ಲಿ ಸ್ಟಾರ್ಟ್ ಮೆನುವಿನಲ್ಲೇ ಇರುತ್ತದೆ. ರಿಜಿಸ್ಟ್ರಿಯಲ್ಲಿ ಕೈಯಾರೆ ಸರ್ವರ್ ಹೆಸರು ತಿದ್ದಿದರೂ ಕೆಲವೊಮ್ಮೆ ಕೆಲಸವಾಗುತ್ತದೆ ನಿಜ. ಆದರೆ ಪಾಸ್‌ವರ್ಡ್ ಅಲ್ಲಿ ಮುಚ್ಚಿದ ರೂಪದಲ್ಲಿರುತ್ತದೆ, ಅದನ್ನು ಕೈಯಾರೆ ಬರೆಯೋಕಾಗಲ್ಲ. ಟೂಲ್ ಸರ್ವಿಸ್‌ಗಳನ್ನೂ ನಿಲ್ಲಿಸಿ ಶುರು ಮಾಡುತ್ತದೆ. ಹಾಗೇ, ವೆಬ್‌ನಿಂದ ನೋಡುವ ಎಂಟರ್‌ಪ್ರೈಸ್ ಮ್ಯಾನೇಜರ್ ಥರದ್ದು ಇದ್ದರೆ ಅದಕ್ಕೆ ತನ್ನದೇ ಬೇರೆ ಡೇಟಾಬೇಸ್ ಇರುತ್ತದೆ, ಅದರ ಚೀಟಿಯನ್ನೂ ಬದಲಿಸಬೇಕು. ಇದನ್ನು ಮರೆಯುವವರು ಜಾಸ್ತಿ.

ಬದಲಿಸಿದ ಮೇಲೆ ಟೆಸ್ಟ್ ಬಟನ್ ನಂಬಿ ಮನೆಗೆ ಹೋಗಬೇಡಿ. ಸರ್ವಿಸ್ ತನ್ನ ಹೆಸರಿನಲ್ಲೇ ಒಳಗೆ ಹೋಯಿತಾ ಅಂತ ನೋಡಿ. ಒಂದು ಸಣ್ಣ ಜಾಬ್ ನಿಮ್ಮ ಕಣ್ಣೆದುರೇ ಓಡಲಿ. ಒಂದು ಫೈಲ್ ರಿಸ್ಟೋರ್ ಆಗಲಿ. ಡಿಸೇಬಲ್ ಮಾಡಿದ್ದ ಜಾಬ್‌ಗಳನ್ನು ಮತ್ತೆ ಆನ್ ಮಾಡಿ. ಹೊಸ ಸ್ಥಿತಿಯಲ್ಲಿ ಇನ್ನೊಂದು ಕಾನ್ಫಿಗರೇಷನ್ ಬ್ಯಾಕಪ್ ತೆಗೆಯಿರಿ. ಹಳೇ ಡೇಟಾಬೇಸನ್ನು ಆಫ್‌ಲೈನ್ ಮಾಡಿ ಕೆಲವು ವಾರ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲೇ ಬಿಟ್ಟರೆ, ಹಳೇ ಚೀಟಿ ಇಟ್ಟುಕೊಂಡ ಇನ್ಯಾವುದೋ ಭಾಗ ಸದ್ದಿಲ್ಲದೆ ಅದರಲ್ಲೇ ಬರೆಯುತ್ತಾ ಇರಬಹುದು, ಆಫ್‌ಲೈನ್ ಮಾಡಿದರೆ ಅದು ಕೂಗಿ ಹೇಳುತ್ತದೆ. ಎರಡು ಬ್ಯಾಕಪ್ ಸರ್ವರ್‌ಗಳು ಒಂದೇ ಡೇಟಾಬೇಸ್‌ಗೆ ಜೋಡಿಯಾಗುವಂತೆ ಯಾವತ್ತೂ ಬಿಡಬೇಡಿ. ಒಂದೇ ಬುಕ್‌ನಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರೆದರೆ ಏನಾಗುತ್ತದೋ ಅದೇ ಆಗುತ್ತದೆ.

ಚಿಕ್ಕಮಗಳೂರಿನಲ್ಲಿ ಸರ್ವಿಸ್ ಶುರುವಾಗಿ, ಜಾಬ್‌ಗಳು ಕನ್ಸೋಲ್‌ನಲ್ಲಿ ಒಂದೊಂದಾಗಿ ಕಂಡಾಗ ಹನ್ನೊಂದು ಗಂಟೆ ದಾಟಿತ್ತು. ಹಿಂದಿನ ವಾರದ ಔಟ್‌ಟರ್ನ್ ಶೀಟ್ ಒಂದನ್ನು ಬೇರೆ ಫೋಲ್ಡರ್‌ಗೆ ರಿಸ್ಟೋರ್ ಮಾಡು ಅಂದೆ. ಮಾಡಿದ. ಫೈಲ್ ತೆರೆಯಿತು. ಆದರೆ ಒಳಗಿನ ಲೆಕ್ಕ ಸರಿಯಾಗಿದೆಯಾ? ಹುಡುಗ ಹೊರಗೆ ಹೋಗಿ ಹಳೇ ಗುಮಾಸ್ತರನ್ನು ಅವರ ರಿಜಿಸ್ಟರ್ ಸಮೇತ ಕರೆದುಕೊಂಡು ಬಂದ. ಅವರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು, ತೋಟದ ನಂಬರು, ಮೂಟೆ, ತೂಕ. ಅವನು ಸ್ಕ್ರೀನ್ ನೋಡುತ್ತಾ "ಸರಿ... ಸರಿ... ಮುಂದಿಂದು ಹೇಳಿ ಸಾರ್" ಅನ್ನುತ್ತಾ ಹೋದ. ಪುಟ ಮುಗಿಯುವವರೆಗೂ ಒಂದೂ ತಪ್ಪಲಿಲ್ಲ.